ಏಳನೇ ಬಾಗಿಲಿನ ಕಾಲುಗಳು

ಮುದುಕ ಗೋಡೆಗೆ ನೀರು ಹಾಕುತ್ತಿದ್ದ. ಗಿಡಕ್ಕಲ್ಲ, ಬಳ್ಳಿಗಲ್ಲ, ಗೋಡೆಗೆ. ಬೆಳಿಗ್ಗೆ ಏಳಕ್ಕೆ ಎರಡು ಬಕೆಟ್, ಸಂಜೆ ಐದಕ್ಕೆ ಎರಡು ಬಕೆಟ್. ಗೋಡೆ ನೆಲವನ್ನು ಮುಟ್ಟುವ ಕಡೆ ಬೆರಳು ತೂರುವಷ್ಟು ಬಿರುಕಿತ್ತು. ಅದರೊಳಗೆ ತಂಬಿಗೆಯಿಂದ ನಿಧಾನವಾಗಿ, ಹಸುಗೂಸಿಗೆ ಹಾಲು ಕುಡಿಸುವವರ ಹಾಗೆ ಸುರಿಯುತ್ತಿದ್ದ. ಹಳೇ ಬಂದರಿನ ಹೊಸ ಫ್ಲ್ಯಾಟಿಗೆ ಬಾಡಿಗೆಗೆ ಬಂದ ಮೊದಲ ವಾರ ಇದನ್ನು ಕಂಡ ಈ ಬರಹಗಾರ, ಪಾಪ, ಎಂದೋ ಸತ್ತ ಗಿಡಕ್ಕೆ ನೀರೆರೆಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲ ಎಂದುಕೊಂಡು, ಮರುಕದಿಂದ ಕುಂಡ ಸಮೇತ ಒಂದು ಗುಲಾಬಿ ಗಿಡ ತಂದುಕೊಟ್ಟ. ಮುದುಕ ಗಿಡದ ಕಡೆ ನೋಡಲೂ ಇಲ್ಲ. ಕುಂಡವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಕುಂಡ ಚೆನ್ನಾಗಿದೆ" ಎಂದ. ಮಾರನೆಯ ದಿನ ಗುಲಾಬಿ ಪಕ್ಕದ ಲಾಂಡ್ರಿಯ ಬಾಗಿಲಲ್ಲಿ, ಸೋಪಿನ ಪುಡಿಯ ಹಳೇ ಡಬ್ಬಿಯೊಳಗೆ ನಿಂತಿತ್ತು. ತಳದಲ್ಲಿ ತೂತಿದ್ದ ಕುಂಡ ಬಿರುಕಿನ ಮೇಲೆ ಕೂತು ಆಲಿಕೆಯ ಕೆಲಸ ಮಾಡುತ್ತಿತ್ತು. ಮರುಕಪಡುವ ಮೊದಲು ವಿಚಾರಿಸಬೇಕು ಎಂಬ ಬುದ್ಧಿ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು.

ಅವನನ್ನು ಎಲ್ಲರೂ ಮುಳುಗಜ್ಜ ಎನ್ನುತ್ತಿದ್ದರು. ದುಃಖದಲ್ಲೋ ಕುಡಿತದಲ್ಲೋ ಮುಳುಗಿದವನಲ್ಲ, ಮೂವತ್ತೊಂದು ವರ್ಷ ಸಂಬಳಕ್ಕೆ ಮುಳುಗಿದವನು. ಬಂದರು ಬಂದರಾಗಿದ್ದ ಕಾಲದಲ್ಲಿ ಹಡಗು ನಿಲ್ಲುವ ಕಟ್ಟೆ, ಕಟ್ಟೆಯ ಮೇಲಿನ ಗೋದಾಮುಗಳು ಎಲ್ಲವೂ ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿದ್ದವು. ಆ ಕಂಬಗಳಿಗೆ ಬಂದರಿನವರು ಕಾಲು ಎನ್ನುತ್ತಿದ್ದರು. ಕಾಲುಗಳ ಆರೋಗ್ಯ ನೋಡಿಕೊಳ್ಳುವುದು ಮುಳುಗಜ್ಜನ ಕೆಲಸ. ತಲೆಗೆ ತಾಮ್ರದ ಟೋಪಿ ಬಿಗಿಸಿಕೊಂಡು, ಸೀಸದ ಬೂಟು ಹಾಕಿಕೊಂಡು, ಸುತ್ತಿಗೆ ಹಿಡಿದು ಇಳಿಯುತ್ತಿದ್ದ. ಕೆಳಗೆ ನೀರು ಕಪ್ಪು ಮಸಿ, ಕಣ್ಣಿದ್ದೂ ಕುರುಡ. ಟೋಪಿಯೊಳಗೆ ಗಾಳಿಕೊಳವೆಯ ಬುಸುಬುಸು, ಕಿವಿಯಿದ್ದೂ ಕಿವುಡ. ಹಾಗಾಗಿ ಎಡಗೈಯನ್ನು ಕಂಬಕ್ಕೆ ಒತ್ತಿಟ್ಟು ಬಲಗೈಯಿಂದ ಒಂದು ಏಟು ಕೊಡುತ್ತಿದ್ದ. ಅಂಗೈಯೇ ಅವನ ಕಿವಿ.

"ಗಟ್ಟಿ ಮರ ಏಟಿಗೆ ತಕ್ಷಣ ಉತ್ತರ ಕೊಡುತ್ತೆ. ಟೊಳ್ಳಾಗಿರೋದು ಸ್ವಲ್ಪ ಯೋಚನೆ ಮಾಡಿ ಕೊಡುತ್ತೆ. ಸತ್ತಿರೋದು ಕೊಡೋದೇ ಇಲ್ಲ" ಎನ್ನುತ್ತಿದ್ದ. ಮನುಷ್ಯರಿಗೂ ಇದನ್ನೇ ಅನ್ವಯಿಸುತ್ತಿದ್ದ ಎಂದು ಅವನ ಮೇಲೆ ದೂರಿತ್ತು.

ಜನ ಕಟ್ಟಡಗಳನ್ನು ಮುಖ ನೋಡಿ ಗುರುತಿಟ್ಟುಕೊಂಡರೆ ಮುಳುಗಜ್ಜ ಕಾಲು ನೋಡಿ ಗುರುತಿಟ್ಟುಕೊಂಡಿದ್ದ. "ಆ ಮೂಲೇದಾ? ನಲವತ್ತೆರಡು ಕಾಲು. ಹನ್ನೊಂದಕ್ಕೆ ಮಂಡಿನೋವು." ಕೆಲಸ ಬಿಟ್ಟ ಮೇಲೂ ತಟ್ಟುವ ಚಟ ಬಿಡಲಿಲ್ಲ. ಹಣ್ಣಿನಂಗಡಿಯಲ್ಲಿ ಕಲ್ಲಂಗಡಿ, ನೆಂಟರ ಮನೆಯಲ್ಲಿ ಬಾಗಿಲ ಚೌಕಟ್ಟು, ಆಸ್ಪತ್ರೆಯಲ್ಲಿ ಡಾಕ್ಟರ ಮೇಜು, ಯಾವುದನ್ನೂ ಬಿಡುತ್ತಿರಲಿಲ್ಲ. ಮಗಳು ತಾನು ಮೆಚ್ಚಿದ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದಾಗ, ಬೆನ್ನು ಚಪ್ಪರಿಸುವ ನೆಪದಲ್ಲಿ ಎರಡು ಏಟು ಹಾಕಿ, ಅಂಗೈ ಅಲ್ಲೇ ಇಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದ. "ಪರವಾಗಿಲ್ಲ. ಒಳಗೆ ಟೊಳ್ಳಿಲ್ಲ." ಹುಡುಗ ಮುಂದೆ ಅಳಿಯನಾದ. ಮಾವ ಎದುರಿಗೆ ಬಂದಾಗ ಬೆನ್ನು ಗೋಡೆಗೆ ಕೊಟ್ಟು ನಿಲ್ಲುವ ಅಭ್ಯಾಸ ಮಾತ್ರ ಉಳಿಸಿಕೊಂಡ.

ಮಗಳಿಗೂ ಚಿಕ್ಕಂದಿನಲ್ಲಿ ಇದೇ ಆಟ. ಊಟದ ಮೇಜಿನ ಆ ತುದಿಯಲ್ಲಿ ಅಪ್ಪ, ಈ ತುದಿಯಲ್ಲಿ ಕಣ್ಣು ಮುಚ್ಚಿ ಅಂಗೈಗಳನ್ನು ಮೇಜಿಗೊತ್ತಿ ಕೂತ ಮಗಳು. ಅಪ್ಪ ಎಷ್ಟು ಸಲ ತಟ್ಟಿದ, ಬೆರಳಿನಿಂದಲೋ ಗೆಣ್ಣಿನಿಂದಲೋ, ಅವಳು ಹೇಳಬೇಕು. ಕೆಲವು ಸಲ ಅಪ್ಪ ತಟ್ಟದೇ "ತಟ್ಟಿದೆ" ಎನ್ನುತ್ತಿದ್ದ. ಆಗ ಮಗಳು "ಅಪ್ಪ ಮೋಸ! ಅಪ್ಪ ಮೋಸ!" ಎಂದು ಮನೆ ಕಿತ್ತುಹೋಗುವ ಹಾಗೆ ಕೂಗುತ್ತಿದ್ದಳು.

ಆಮೇಲೆ ಹಡಗುಗಳು ದೊಡ್ಡವಾದವು, ಬಂದರು ಚಿಕ್ಕದಾಯಿತು. ಆಚೆ ಎಲ್ಲೋ ಹೊಸ ಬಂದರು ಕಟ್ಟಿದರು. ಇಲ್ಲಿ ಹಡಗು ತಂಗುತ್ತಿದ್ದ ಕೊಳಕ್ಕೆ ಮಣ್ಣು ತುಂಬಿ, ಮೇಲೆ ಗಾಜಿನ ಫ್ಲ್ಯಾಟುಗಳನ್ನು ಎಬ್ಬಿಸಿ, ಕೆಳಗೆ ಎರಡು ಅಂತಸ್ತು ಅಗೆದು ಕಾರುಗಳನ್ನು ಹೂತಿಟ್ಟರು. ಕ್ರೇನೊಂದಕ್ಕೆ ಕೆಂಪು ಬಣ್ಣ ಬಳಿದು, ಏನನ್ನೂ ಎತ್ತದ ಹಾಗೆ ಬೆಸುಗೆ ಹಾಕಿ ಅಲಂಕಾರಕ್ಕೆ ನಿಲ್ಲಿಸಿದರು. ಹೊಳೆಯಂಚಿನ ಗೋದಾಮಿನ ಸಾಲು ಉಳಿಯಿತು. ಒಂದೇ ಉದ್ದನೆಯ ಸೂರು, ಹನ್ನೆರಡು ಬಾಗಿಲು. ಉಪ್ಪು, ಹಗ್ಗ, ಗೋಣಿಚೀಲ ಇರುತ್ತಿದ್ದ ಕಡೆ ಕಾಫಿ ಅಂಗಡಿ, ಜಿಮ್, ಲಂಗರಿನ ಚಿತ್ರಗಳನ್ನಷ್ಟೇ ಮಾರುವ ಒಂದು ಅಂಗಡಿ. ನಿಜವಾದ ಲಂಗರು ಎತ್ತಿದವರು ಆ ಚಿತ್ರಗಳ ಮುಂದೆ ನಿಂತು, ತಮಗೆ ಅದು ಇಷ್ಟು ಸುಂದರವಾಗಿ ಕಂಡಿರಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು.

ಏಳನೇ ಬಾಗಿಲು ಮಗಳ ಲಾಂಡ್ರಿ. ತಾಯಿ ಸತ್ತ ವರ್ಷ, ಹತ್ತೊಂಬತ್ತನೇ ವಯಸ್ಸಿಗೆ, ಅದೇ ಬಾಗಿಲಲ್ಲಿ ಕೂತು ಹಡಗಿನವರ ಎಣ್ಣೆಗಪ್ಪು ಬಟ್ಟೆಗಳನ್ನು ಕೈಯಲ್ಲಿ ಒಗೆಯಲು ಶುರುಮಾಡಿದವಳು. ಬೆರಳ ಸಂದುಗಳು ಬಿರಿದು, ಅನ್ನ ಕಲಸಿದರೆ ಉರಿ. ಈಗ ಫ್ಲ್ಯಾಟಿನವರ ಚಾದರ, ಜಿಮ್ಮಿನ ಟವೆಲ್ಲು, ಹೋಟೆಲಿನ ಮೇಜುಬಟ್ಟೆ, ಎಲ್ಲಾ ಅವಳಿಗೇ. ಆನೆಮರಿಗಳಂಥ ನಾಲ್ಕು ಯಂತ್ರಗಳು ಒಳಗೋಡೆಗೆ ಸಾಲಾಗಿ ನಿಂತು ದಿನವಿಡೀ ಗುಡುಗುತ್ತಿದ್ದವು. ಮೇಲಿನ ಅಟ್ಟದಲ್ಲೇ ಗಂಡ, ಅಪ್ಪನ ಜೊತೆ ವಾಸ. ಬಂದರು ಹೋದದ್ದಕ್ಕೆ ಇಡೀ ಬೀದಿಯಲ್ಲಿ ಕಣ್ಣೀರು ಹಾಕದವಳು ಅವಳೊಬ್ಬಳೇ. "ಈಗ ತಾನೇ ನನ್ನ ಕೈ ಒಣಗಿದೆ" ಎನ್ನುತ್ತಿದ್ದಳು.

ಅಳಿಯನಿಗೆ ಆ ಫ್ಲ್ಯಾಟುಗಳ ನೆಲಮಾಳಿಗೆಯಲ್ಲೇ ಕೆಲಸ ಸಿಕ್ಕಿತ್ತು. ನೀಲಿ ಸಮವಸ್ತ್ರ, ಕೊರಳಲ್ಲಿ ಸೀಟಿ. ಕಾರುಗಳಿಗೆ ದಾರಿ ತೋರಿಸುವುದು ಒಂದು ಕೆಲಸ. ನೆಲದಿಂದ ಒಸರುವ ನೀರನ್ನು ಎತ್ತಿ ಹೊರಹಾಕುವ ಎರಡು ಪಂಪುಗಳನ್ನು ನಿಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು. ಹೆಂಡತಿ ಮೇಲೆ ನೀರು ಚೆಲ್ಲುತ್ತಾಳೆ, ಗಂಡ ಕೆಳಗೆ ನೀರು ಎತ್ತುತ್ತಾನೆ ಎಂದು ಬೀದಿಯವರು ನಗುತ್ತಿದ್ದರು. ಮುಳುಗಜ್ಜನೂ ಮೊದಲಿಗೆ ನಕ್ಕಿದ್ದ.

ನಗು ನಿಂತದ್ದು ಒಂದು ಗುಂಡಿಯಿಂದ. ಶರ್ಟಿನ ಗುಂಡಿ. ಲಾಂಡ್ರಿಯಲ್ಲಿ ದಿನಕ್ಕೆ ಹತ್ತಾರು ಗುಂಡಿ ಉದುರುತ್ತವೆ. ಮಗಳು ಅವನ್ನು ಗಾಜಿನ ಜಾಡಿಯಲ್ಲಿ ಕೂಡಿಡುತ್ತಿದ್ದಳು. ಒಂದು ದಿನ ನೆಲಕ್ಕೆ ಬಿದ್ದ ಗುಂಡಿ ಬಿದ್ದಲ್ಲೇ ಇರದೆ, ಕೆಲಸವಿರುವವರ ಹಾಗೆ ಹೊರಟು, ಯಂತ್ರಗಳ ಹಿಂದಿನ ಮೂಲೆಗೆ ಹೋಗಿ ನೆಲದ ಸಂದಿನಲ್ಲಿ ಮಾಯವಾಯಿತು. ಅಜ್ಜ ಜಾಡಿಯಿಂದ ಇನ್ನೊಂದು ತೆಗೆದು ಬಿಟ್ಟ. ಅದೂ ಅದೇ ದಾರಿ ಹಿಡಿಯಿತು. ಬಿಳಿಯದು, ಕರಿಯದು, ಎರಡು ತೂತಿನದು, ನಾಲ್ಕು ತೂತಿನದು, ಯಾವುದಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ: ನೆಲ ಆ ಮೂಲೆಗೆ ವಾಲಿತ್ತು.

"ಅಪ್ಪಾ, ಗುಂಡಿಯಾಟ ಆಡೋ ವಯಸ್ಸಾ ಇದು?" ಎಂದಳು ಮಗಳು.

ಅಜ್ಜ ಇಸ್ತ್ರಿ ಮೇಜನ್ನು ಸರಿಸಿ, ಅದರ ಕೆಳಗಿದ್ದ ನೆಲಬಾಗಿಲನ್ನು ಎತ್ತಿ, ಟಾರ್ಚು ಬಿಟ್ಟು ನೋಡಿದ. ನೂರು ವರ್ಷದಿಂದ ನೀರಲ್ಲಿ ನಿಂತು ಕಪ್ಪಗೆ ಮಿರುಗಬೇಕಾದ ಕಾಲುಗಳ ಸುತ್ತ, ಗೇಣುದ್ದ, ಬೂದುಬಣ್ಣದ ಒಣ ಪಟ್ಟಿ. ಹೊಸದಾಗಿ ನಡೆದಾಡುವ ದಾರಿ ಮಾಡಲು ಕಟ್ಟೆಯ ಮುಂದೆ ಉಕ್ಕಿನ ತಡೆ ಹೂತಿದ್ದರು. ಅದರಿಂದ ಹೊಳೆಯ ನೀರು ಒಳಬರುವ ದಾರಿ ಮುಚ್ಚಿತ್ತು. ಒಳಗಿದ್ದ ನೀರನ್ನು ಹಿಂದಿನ ನೆಲಮಾಳಿಗೆಯ ಪಂಪು ಎಳೆಯುತ್ತಿತ್ತು. ಮರ ನೀರಲ್ಲೇ ಇದ್ದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ನೀರಲ್ಲಿ ಬಾಳಿದ ಮರವನ್ನು ಗಾಳಿಗೆ ಬಿಟ್ಟರೆ ಒಳಗಿನಿಂದ ಪುಡಿಯಾಗುತ್ತದೆ. ಇದು ತಿಳಿಯಲು ಅವನಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಒಂದು ತಿಂಗಳ ನಂತರ ನೋಡಿದಾಗ ಗೇಣಿದ್ದ ಪಟ್ಟಿ ಮೊಳವಾಗಿತ್ತು.

ಗೋಡೆಯಲ್ಲಿ ಬಿರುಕುಗಳು ಕಂಡಾಗ ಬಂದರಿನ ಹಳೇ ಪದ್ಧತಿಯಂತೆ ಮುಳುಗಜ್ಜ ಪ್ರತಿ ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ತಾರೀಕು ಗೀಚಿದ. ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಆರನೇ ಬಾಗಿಲಿನಿಂದ ಒಂಬತ್ತನೆಯದರವರೆಗೆ ಹನ್ನೊಂದು ಗಾಜು. ಹದಿನೈದು ದಿನದಲ್ಲಿ ನಾಲ್ಕು ಒಡೆದವು. ಉಳಿದ ಏಳು ಒಡೆಯಲಿಲ್ಲ. ಒಡೆಯುವ ಮೊದಲೇ, ಫ್ಲ್ಯಾಟುಗಳನ್ನೂ ಈ ಸಾಲನ್ನೂ ನೋಡಿಕೊಳ್ಳುವ ನಿವಾಸಿಗಳ ಸಂಘದ ಅಧ್ಯಕ್ಷರು ಅವನ್ನು ಕೆರೆಸಿ, ಬಿರುಕಿಗೆ ಪುಟ್ಟಿ ತುಂಬಿಸಿ, ಮೇಲೆ ಕೆನೆಬಣ್ಣ ಬಳಿಸಿದರು.

ಅಧ್ಯಕ್ಷರನ್ನು ಇಲ್ಲಿ ಪರಿಚಯಿಸಲೇಬೇಕು, ಪರಿಚಯಿಸದಿದ್ದರೆ ಅವರೇ ಮಾಡಿಕೊಳ್ಳುತ್ತಾರೆ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಅಪಾಯಗಳನ್ನು ಅಳೆದು, ನಿವೃತ್ತರಾದ ದಿನದಿಂದ ಅಪಾಯದಲ್ಲೇ ನಂಬಿಕೆ ಕಳೆದುಕೊಂಡಿದ್ದರು. ಕೆಟ್ಟವರಲ್ಲ. ಲಿಫ್ಟಿನಲ್ಲಿ ಸಿಕ್ಕರೆ ನಮ್ಮ ಮಹಡಿ ಬಂದರೂ ಬಾಗಿಲು ಹಿಡಿದುಕೊಂಡು ಮಾತಾಡುವಷ್ಟು ಸ್ನೇಹಮಯಿ. ಬಂದರಿನ ಇತಿಹಾಸದ ಮೇಲೆ ಅವರಿಗೆ ಅಪಾರ ಪ್ರೀತಿ, ಅದು ಮುಗಿದಿದ್ದರಿಂದ. ಎಲ್ಲೆಂದರಲ್ಲಿ ಹಿತ್ತಾಳೆ ಫಲಕ ಹೊಡೆಸುತ್ತಿದ್ದರು. 'ಇಲ್ಲಿ ಹಡಗುಗಳು ನಿಲ್ಲುತ್ತಿದ್ದವು.' 'ಇಲ್ಲಿ ಹಗ್ಗ ಹೊಸೆಯಲಾಗುತ್ತಿತ್ತು.' ನಾಲ್ಕನೇ ಬಾಗಿಲ ಪಕ್ಕದ ಮೂಲೆಯಲ್ಲಿ, 'ಇಲ್ಲಿ ಹಮಾಲರು ವಿರಮಿಸುತ್ತಿದ್ದರು.'

"ವಿರಮಿಸ್ತಿರ್ಲಿಲ್ಲ ಸಾರ್. ಉಚ್ಚೆ ಹೊಯ್ತಿದ್ರು" ಎಂದಿದ್ದ ಮುಳುಗಜ್ಜ.

ಅಧ್ಯಕ್ಷರು ಫಲಕವನ್ನೂ ಅಜ್ಜನನ್ನೂ ನೋಡಿ, "ಅದೂ ಒಂದು ರೀತಿ ವಿರಾಮವೇ ಅಲ್ವಾ" ಎಂದಿದ್ದರು.

ಗಾಜು ಕೆರೆದ ದಿನ ಅಜ್ಜ ಅವರ ಮನೆಗೇ ಹೋದ. "ಸಾರ್, ಅದು ಅಂದಕ್ಕೆ ಅಂಟಿಸಿದ್ದಲ್ಲ. ಗೋದಾಮಿನ ಸಾಲು ಕೆಳಕ್ಕೆ ಕೂರ್ತಾ ಇದೆ."

"ಅಂದಕ್ಕಲ್ಲ ಅನ್ನೋದು ನಮಗೂ ಗೊತ್ತಾಯ್ತು ಅಜ್ಜಾ, ಅದಕ್ಕೇ ತೆಗೆಸಿದ್ದು. ಗೋಡೆಗೆಲ್ಲ ಪಟ್ಟಿ ಕಟ್ಟಿದ ಹಾಗಿತ್ತು. ಬಂದೋರು ಏನಂದ್ಕೋತಾರೆ?"

"ಗಾಯ ಆಗಿದೆ ಅಂದ್ಕೋತಾರೆ. ಆಗಿದೆಯಲ್ಲ!"

ಸಂಘದ ಸಭೆಯಲ್ಲಿ ಅಜ್ಜನಿಗೆ ಮೂರು ನಿಮಿಷ ಕೊಟ್ಟರು, ನಾಯಿಗಳ ವಿಷಯಕ್ಕೂ ಮೆಟ್ಟಿಲ ದೀಪದ ವಿಷಯಕ್ಕೂ ನಡುವೆ. ಕಟ್ಟಡ ಕಂಪನಿಯ ಎಂಜಿನಿಯರ್ ನಕ್ಷೆ ಹರಡಿ ತೋರಿಸಿದ. ಸಾಲಿನ ಹನ್ನೆರಡೂ ಬಾಗಿಲ ಕೆಳಗೆ ಕಾಂಕ್ರೀಟು ಕಂಬ. ಎರಡನೇ ಬಾಗಿಲ ಹತ್ತಿರ ಅಗೆದು ಪರೀಕ್ಷೆಯನ್ನೂ ಮಾಡಿದ್ದಾರೆ, ಕಾಂಕ್ರೀಟೇ ಸಿಕ್ಕಿದೆ.

"ಸಿಗುತ್ತೆ. ಮೂರನೇ ಬಾಗಿಲವರೆಗೆ ಸಿಗುತ್ತೆ" ಎಂದ ಮುಳುಗಜ್ಜ. "ಹಳೇ ಮರ ತೆಗೆದು ಕಾಂಕ್ರೀಟು ಹಾಕೋಣ ಅಂತ ಹನ್ನೆರಡಕ್ಕೂ ನಕ್ಷೆ ಬರೆದ್ರು. ಮೂರು ಬಾಗಿಲು ಮುಗಿಸಿದ್ರು. ಅಷ್ಟರಲ್ಲಿ ಬಂದರಿನ ಸಾಹೇಬ್ರಿಗೆ ವರ್ಗ ಆಯ್ತು. ಕೆಲಸ ನಿಂತ್ಹೋಯ್ತು, ನಕ್ಷೆ ಉಳೀತು. ಆಗ ಕೆಳಗೆ ಇದ್ದೋನು ನಾನೇ."

ಎಂಜಿನಿಯರ್ ನಕ್ಷೆಯನ್ನು ನೋಡಿದ, ಅಜ್ಜನನ್ನು ನೋಡಿದ. ಇಬ್ಬರಲ್ಲಿ ಮೊಹರು ಇದ್ದದ್ದು ನಕ್ಷೆಗೆ. ಅಧ್ಯಕ್ಷರು ಸ್ವಲ್ಪ ಯೋಚನೆ ಮಾಡಿ, "ನಿಮ್ಮ ಕಳವಳ ದಾಖಲಾಗಿದೆ ಅಜ್ಜಾ" ಎಂದರು. ಎಷ್ಟು ಹೊತ್ತು ಯೋಚಿಸಿದರು ಎಂಬುದನ್ನು ಅಜ್ಜ ಗಮನಿಸಿದ. ಅವನ ಅಂಗೈ ಅವನಿಗರಿವಿಲ್ಲದೆ ಮೇಜಿನ ಮೇಲಿತ್ತು.

ಮನೆಗೆ ಬಂದು ಮಗಳಿಗೆ ಹೇಳಿದ, "ಇಲ್ಲಿಂದ ಹೋಗೋಣ ಕಣೇ."

"ಎಲ್ಲಿಗೆ? ಈ ಯಂತ್ರಗಳನ್ನ ಸೊಂಟಕ್ಕೆ ಕಟ್ಕೊಂಡಾ? ಚಾದರ ಕೊಡೋರು ಇಲ್ಲಿದಾರೆ, ನಾನು ಆ ತುದೀಲಿ ಕೂತ್ರೆ ಹುಡುಕ್ಕೊಂಡ್ ಬರ್ತಾರಾ?"

"ಕಾಲು ಒಣಗ್ತಾ ಇದೆ."

"ಅಪ್ಪಾ, ನಿನಗೆ ಎಲ್ಲಾ ಟೊಳ್ಳಾಗೇ ಕೇಳುತ್ತೆ. ಡಾಕ್ಟ್ರ ಮೇಜೂ ಟೊಳ್ಳು ಅಂದಿದ್ದೆ. ಇನ್ನೂ ನಿಂತಿದೆ."

ಮನುಷ್ಯರಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂದು ತಿಳಿದ ಮೇಲೆ ಮುಳುಗಜ್ಜ ಗೋಡೆಗೆ ನೀರು ಹಾಕತೊಡಗಿದ. ಕಾಲು ಒದ್ದೆಯಾಗಿರಲಿ, ಮಗಳು ಒಪ್ಪುವವರೆಗಾದರೂ ನಿಂತಿರಲಿ ಎಂಬುದಷ್ಟೇ ಅವನ ಲೆಕ್ಕಾಚಾರ. ನಾಲ್ಕು ಬಕೆಟ್ಟಿಗೆ ಹದಿನಾರು ಕಾಲು ನೆನೆಯುವುದಿಲ್ಲ ಎಂದು ಅರಿತಾಗ ಅವನ ಕಣ್ಣು ಯಂತ್ರಗಳ ಹಿಂದಿನ ಕೊಳವೆಯ ಮೇಲೆ ಬಿತ್ತು. ದಿನವಿಡೀ ಎಷ್ಟು ನೀರು, ಎಲ್ಲಾ ಚರಂಡಿಗೆ! ಒಂದು ಮಧ್ಯಾಹ್ನ, ಮಗಳು ಬಟ್ಟೆ ಕೊಡಲು ಹೋಗಿದ್ದಾಗ, ಕೊಳವೆಯ ಬಾಯನ್ನು ಚರಂಡಿಯಿಂದ ಬಿಡಿಸಿ ಮೂಲೆಯ ಸಂದಿನೊಳಗೆ ಇಳಿಬಿಟ್ಟ. ಸಾಬೂನುನೀರು ಗಳಗಳನೆ ನೆಲದಡಿ ಇಳಿಯಿತು. ಮೂರು ವಾರ ಅಜ್ಜ ನೆಮ್ಮದಿಯಿಂದ ಇದ್ದ. ಟಾರ್ಚು ಬಿಟ್ಟು ನೋಡಿದರೆ ಕಾಲುಗಳು ಮಿರಮಿರ. ಬಕೆಟ್ಟಿನ ಕೆಲಸವನ್ನು ಮಾತ್ರ ಬಿಡಲಿಲ್ಲ, ದಿಢೀರನೆ ಬಿಟ್ಟರೆ ಯಾರಿಗಾದರೂ ಅನುಮಾನ ಬಂದೀತು ಎಂದು.

ನಾಲ್ಕನೇ ವಾರದ ಒಂದು ಬೆಳಿಗ್ಗೆ ಅಳಿಯ ಏದುಸಿರು ಬಿಡುತ್ತ ಓಡಿಬಂದ. "ಮಾವ, ಬೇಗ ಬನ್ನಿ. ಕೆಳಗೆ ನೊರೆ!"

ನೆಲಮಾಳಿಗೆಯ ಕೆಳ ಅಂತಸ್ತಿನಲ್ಲಿ ಕಾರುಗಳು ಚಕ್ರ ಮುಳುಗುವಷ್ಟು ಬಿಳಿ ನೊರೆಯಲ್ಲಿ ನಿಂತಿದ್ದವು. ಅಧ್ಯಕ್ಷರ ಕಾರು ಮೋಡದ ಮೇಲೆ ಕೂತಂತಿತ್ತು. ಪಕ್ಕದಲ್ಲಿ ಅಧ್ಯಕ್ಷರೇ, ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡು, ಕೊಳವಾಗಿದ್ದ ಜಾಗದಲ್ಲಿ ನೀರು ಬಂತಲ್ಲ ಎಂದು ಆಶ್ಚರ್ಯಪಡುತ್ತ ನಿಂತಿದ್ದರು. ಇಡೀ ನೆಲಮಾಳಿಗೆ ಆಗ ತಾನೇ ಒಗೆದ ಚಾದರದ ವಾಸನೆ ಹೊಡೆಯುತ್ತಿತ್ತು. ಯಾವ ಲಾಂಡ್ರಿಯ ವಾಸನೆ ಎಂದು ಹೇಳಲು ಪತ್ತೇದಾರ ಬೇಕಿರಲಿಲ್ಲ.

"ಅಜ್ಜಾ! ಇದೇನಿದು?" ಎಂದರು ಅಧ್ಯಕ್ಷರು. "ನಿಮ್ಮ ಮಗಳಿಗೆ ನೋಟಿಸ್ ಕೊಡ್ತೀವಿ!"

ಮುಳುಗಜ್ಜ ಕೇಳಿಸಿಕೊಳ್ಳಲಿಲ್ಲ. ಪಂಪಿನ ಗುಂಡಿಯ ಅಂಚಿನಲ್ಲಿ ಕೂತು ತೋಳು ಮಟ್ಟ ಕೈ ಇಳಿಸಿದ್ದ. ತಳದಿಂದ ಹಿಡಿ ತುಂಬ ತೆಗೆದ. ನುಣ್ಣನೆಯ ಬೂದು ಕೆಸರು. ಹಿಂಡಿದರೆ ಬೆರಳ ನಡುವಿನಿಂದ ಜಾರಿಹೋಯಿತು. "ಯಾವತ್ತಿಂದ ಬರ್ತಿದೆ ಈ ಕೆಸರು?"

"ಮೊದಲಿಂದಲೂ ಸ್ವಲ್ಪ ಇತ್ತು ಮಾವ. ಈ ಮೂರು ವಾರದಿಂದ ಜಾಸ್ತಿ. ದಿನಾ ಆರೇಳು ಬಕೆಟ್ ಎತ್ತಿ ಹಾಕ್ತಿದೀನಿ." ಅಳಿಯನ ದನಿಯಲ್ಲಿ ಕೆಲಸಗಾರನ ಹೆಮ್ಮೆಯಿತ್ತು.

ಕೆಸರು ಜಾರಿದ ಮೇಲೆ ಅಂಗೈಯಲ್ಲಿ ಎರಡು ವಸ್ತು ಉಳಿದವು. ಒಂದು ಮರದ ಚೂರು, ನೆನೆದ ರೊಟ್ಟಿಯಂತೆ ಮೆತ್ತಗೆ. ಇನ್ನೊಂದು ಶರ್ಟಿನ ಗುಂಡಿ. ಬಿಳಿಯದು, ನಾಲ್ಕು ತೂತಿನದು.

ಮುಳುಗಜ್ಜ ಅದನ್ನು ನೋಡುತ್ತ ಕೂತೇ ಇದ್ದ. ಮಗಳ ನೆಲದ ಸಂದಿನಲ್ಲಿ ಬಿದ್ದ ಗುಂಡಿ ನೂರು ಹೆಜ್ಜೆ ದೂರ, ಮಣ್ಣಿನೊಳಗೆ ನಡೆದು ಬಂದಿತ್ತು. ನೀರು ಒಸರಿ ಬರುವುದು ಬೇರೆ. ಗುಂಡಿ ಬರಬೇಕಾದರೆ ದಾರಿ ಬೇಕು. ಆ ದಾರಿಯಲ್ಲಿ ಇದ್ದ ಮಣ್ಣೆಲ್ಲ ಎಲ್ಲಿ? ಅಳಿಯ ಬಕೆಟ್ಟಿನಲ್ಲಿ ಎತ್ತಿ ಹಾಕಿದ್ದ. ಮೂರು ವಾರ ಅದನ್ನು ತೊಳೆತೊಳೆದು ಕಳಿಸಿಕೊಟ್ಟವನು ತಾನೇ. ಕಾಲು ನೆನೆಸಲು ಹೋಗಿ ಕಾಲ ಕೆಳಗಿನ ನೆಲವನ್ನೇ ಒಗೆದು ಹಾಕಿದ್ದ. ಗುಂಡಿಯನ್ನು ಜೇಬಿಗಿಳಿಸಿದ.

"ಪಂಪ್ ನಿಲ್ಸು" ಎಂದ.

"ನಿಲ್ಸಿದ್ರೆ ಕಾರು ಮುಳುಗುತ್ತೆ ಮಾವ. ಆಮೇಲೆ ನನ್ನ ಕೆಲಸ ಮುಳುಗುತ್ತೆ."

"ನಡೀತಾ ಇದ್ರೆ ನಿನ್ನ ಹೆಂಡ್ತಿ ಮುಳುಗ್ತಾಳೆ."

ಅಳಿಯ ಗೋಡೆಗೆ ಬೆನ್ನು ಕೊಟ್ಟು ನಿಂತ. ಪಂಪು ನಡೆಯುತ್ತಲೇ ಇತ್ತು.

ನೋಟಿಸ್ ಲಾಂಡ್ರಿಗೆ ಮಧ್ಯಾಹ್ನವೇ ಬಂತು. ಕೊಳವೆ ಎಲ್ಲಿಗೆ ಹೋಗಿದೆ ಎಂದು ಮಗಳು ನೋಡಿದ್ದೂ ಆಗಲೇ. ಕೊಳವೆಯನ್ನು ಕಿತ್ತು, ಚರಂಡಿಗೆ ತುರುಕಿ, ಕೈ ಒರೆಸಿಕೊಂಡಳು. ಬೈದಿದ್ದರೆ ಅಜ್ಜನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೆಯ ದಿನ ಹತ್ತು ಗಂಟೆಗೆ, ನಾಲ್ಕೂ ಯಂತ್ರ ಗುಡುಗುತ್ತಿರುವಾಗ, ಮುಳುಗಜ್ಜ ಹಳೇ ಸುತ್ತಿಗೆ ಹಿಡಿದು ಬಂದು ಇಸ್ತ್ರಿ ಮೇಜನ್ನು ಸರಿಸಿದ.

"ಏನ್ ಮಾಡ್ತಿದೀಯ? ಎಪ್ಪತ್ನಾಲ್ಕು ನಿನಗೆ!"

"ಯಂತ್ರ ನಿಲ್ಸು. ನೆಲಕ್ಕೆ ಕೈ ಇಡು. ಚಿಕ್ಕೋಳಿದ್ದಾಗ ಆಡ್ತಿದ್ವಲ್ಲ, ಹಾಗೇ. ನಾನ್ ಹೊಡೀತೀನಿ, ನೀನ್ ಹೇಳು. ಎಲ್ಲಾ ಸರಿಯಾಗಿ ಕೇಳಿಸ್ತು ಅಂದ್ರೆ ಇನ್ನು ಬಾಯಿ ಬಿಡಲ್ಲ. ನನ್ನಾಣೆ."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಹಗಲು ಹೊತ್ತಿನಲ್ಲಿ ಏಳನೇ ಬಾಗಿಲು ಅಷ್ಟು ಸುಮ್ಮನಾದದ್ದು ಯಾರಿಗೂ ನೆನಪಿಲ್ಲ. ಪಕ್ಕದ ಜಿಮ್ಮಿನಲ್ಲಿ ಯಾರೋ ಭಾರ ಎತ್ತಿ ಕೆಳಗೆ ಬಿಟ್ಟದ್ದು ಮಾತ್ರ ಕೇಳಿಸಿತು.

ಅಜ್ಜ ಇಳಿದ. ತಲೆ ಮುಳುಗುವಷ್ಟು ನೀರಿರುತ್ತಿದ್ದ ಕಡೆ ಬರೀ ಒದ್ದೆ ಕೆಸರು. ಆ ಜಾಗದಲ್ಲಿ ಅವನು ಮನೆಬಟ್ಟೆಯಲ್ಲಿ ನಿಂತದ್ದೇ ಮೊದಲು. ನೀರಿದ್ದಾಗ ಆ ಕತ್ತಲು ಅವನ ಕಚೇರಿಯಂತಿತ್ತು. ಈಗ ಯಾರೋ ಬಿಟ್ಟುಹೋದ ಮನೆಯಂತಿತ್ತು. ಎಲ್ಲಿಂದಲೋ ಒಂದೇ ಸಮನೆ, ಸಣ್ಣಗೆ, ಹಿಟ್ಟು ಜರಡಿ ಹಿಡಿದ ಹಾಗೆ, ಮಣ್ಣು ಉದುರುವ ಸದ್ದು. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು ಕಾಲು. ಮೊದಲನೆಯದಕ್ಕೆ ಎಡಗೈ ಒತ್ತಿ, ಹೊಡೆದ.

ಮೇಲೆ ಮಗಳು ಮಂಡಿಯೂರಿ, ಎರಡೂ ಅಂಗೈ ನೆಲಕ್ಕೊತ್ತಿ ಕೂತಿದ್ದಳು. "ಒಂದು" ಎಂದಳು. "ಚೆನ್ನಾಗ್ ಕೇಳ್ತು."

ಎರಡನೇ ಸಾಲು. "ಎರಡು ಸಲ. ಸ್ವಲ್ಪ ನಿಧಾನ. ಅಪ್ಪಾ, ಮೆಲ್ಲಗೆ ಹೊಡೀತಿದೀಯಾ?"

"ಇಲ್ಲ. ಅದೇ ಏಟು."

ಮೂರನೇ ಸಾಲಿಗೆ ಅವಳು ಬಹಳ ಹೊತ್ತು ತೆಗೆದುಕೊಂಡಳು. "ಒಂದಾ? ಒಂದೇ ಇರ್ಬೇಕು." ಅವಳ ದನಿಯಲ್ಲಿ ಲಾಂಡ್ರಿಯ ಒಡತಿ ಮಾಯವಾಗಿದ್ದಳು. ಊಟದ ಮೇಜಿನ ಈ ತುದಿಯ ಹುಡುಗಿ ಮಾತಾಡುತ್ತಿದ್ದಳು.

ನಾಲ್ಕನೇ ಸಾಲು ಯಂತ್ರಗಳ ಕೆಳಗೆ. ಮುಳುಗಜ್ಜ ಟಾರ್ಚನ್ನು ಮೇಲಕ್ಕೆ ಹಿಡಿದ. ಕಾಲಿನ ತಲೆಗೂ ಅದು ಹೊರಬೇಕಾದ ತೊಲೆಗೂ ನಡುವೆ ಕತ್ತಲ ಗೆರೆ. ಬೆರಳು ಹಾಕಿದ. ನಾಲ್ಕೂ ಬೆರಳು ಹೋದವು, ಅಂಗೈಯೂ ಹೋಯಿತು. ಕಾಲು ಕೆಳಗಿಳಿದುಹೋಗಿತ್ತು. ಮೇಲಿನ ನೆಲ, ನಾಲ್ಕು ಆನೆಮರಿಗಳ ಸಮೇತ, ಬರೀ ಅಭ್ಯಾಸಬಲದಿಂದ ನಿಂತಿತ್ತು. ಕೈ ಹೊರಗೆಳೆದುಕೊಂಡು, ಉಸಿರು ಹಿಡಿದು, ಕಂಬದ ಪಕ್ಕೆಗೆ ಹೊಡೆದ. ಇನ್ನೊಮ್ಮೆ. ಮತ್ತೊಮ್ಮೆ.

ಮೇಲಿನಿಂದ ಮಾತಿಲ್ಲ.

"ಹೇಳೇ."

"ಹೊಡಿ ಮೊದಲು."

"ಹೊಡ್ದೆ."

"ಅಪ್ಪ, ಮೋಸ ಮಾಡ್ಬೇಡ."

"ಮೂರ್ ಸಲ ಹೊಡ್ದೆ ಕಣೇ."

ಅವಳು ಅಂಗೈಗಳನ್ನು ನೆಲದಿಂದ ಎತ್ತಿದಳು, ಬಿಸಿಯಿರುವುದರ ಮೇಲಿನಿಂದ ಎತ್ತುವ ಹಾಗೆ. ಅಪ್ಪ ನೆಲಬಾಗಿಲಿನಿಂದ ಕೆಸರುಮುಖ ಹೊರಹಾಕಿದಾಗ ರಟ್ಟೆ ಹಿಡಿದು ಮೇಲೆಳೆದುಕೊಂಡಳು. ಯಂತ್ರಗಳನ್ನು ಮತ್ತೆ ಚಾಲೂ ಮಾಡಲಿಲ್ಲ. ಒಳಗಿದ್ದ ಅರೆಬರೆ ಒಗೆದ ಚಾದರಗಳನ್ನು ತೆಗೆದು ಬುಟ್ಟಿಗೆ ತುಂಬಿದಳು, ನೆಲದ ಅಂಚಂಚಿಗೇ ನಡೆಯುತ್ತ. ಆಮೇಲೆ ಬಾಗಿಲಲ್ಲಿ ನಿಂತು, ಹತ್ತೊಂಬತ್ತು ವರ್ಷದವಳಾಗಿದ್ದಾಗಿನಿಂದ ಕೂತಿದ್ದ ಜಾಗವನ್ನು ಒಂದು ಸಲ ನೋಡಿದಳು.

"ಎಷ್ಟು ದಿನ ಇದೆ?"

"ದಿನ ಕೇಳ್ಬೇಡ. ಮೊದಲು ಹೊರಗೆ ಬಾ."

ಅಳಿಯ ಹಳೇ ಹಮಾಲಿ ಗೆಳೆಯರನ್ನು ಕರೆತಂದ. ಉರುಳೆ ಕೊಟ್ಟು, ಹಗ್ಗ ಕಟ್ಟಿ, ಒಂದೊಂದೇ ಯಂತ್ರವನ್ನು, ಮಲಗಿದ ಮಗುವನ್ನು ಎತ್ತುವಷ್ಟು ಜೋಪಾನವಾಗಿ ಎರಡು ಹಗಲಲ್ಲಿ ಹೊರತಂದರು. ಮೂರನೆಯದು ಹೊಸಿಲು ದಾಟುವಾಗ ನೆಲದಡಿಯಿಂದ ನಿಟ್ಟುಸಿರಿನಂಥ ಒಂದು ಸದ್ದು ಬಂತು. ಎಲ್ಲರೂ ಕಾಲು ಎತ್ತಿಟ್ಟ ಭಂಗಿಯಲ್ಲೇ ನಿಂತರು. ಯಾರೂ ಜೋಕು ಮಾಡಲಿಲ್ಲ. ಹಮಾಲರು ಜೋಕು ಮಾಡದಿದ್ದರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥ. ರೈಲುಹಳಿಯ ಆಚೆ, ಬಂಡೆಯ ಮೇಲಿನ ಒಂದು ತಗಡಿನ ಕೊಟ್ಟಿಗೆಯಲ್ಲಿ ಮಗಳು ಮತ್ತೆ ಲಾಂಡ್ರಿ, ಸಂಸಾರ ಎರಡನ್ನೂ ಹೂಡಿದಳು. ಅಲ್ಲಿಗೆ ಇನ್ನೂ ಸರಿಯಾದ ಕರೆಂಟು ಬಂದಿರಲಿಲ್ಲ. ಮೊದಲ ವಾರ ಕೈಯಲ್ಲೇ ಒಗೆದಳು. ಬೆರಳ ಸಂದುಗಳು ಹಳೇ ಪರಿಚಯದವರಂತೆ ಮತ್ತೆ ಬಿರಿದವು. ಅಪ್ಪನಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ಕಾಣದವನಂತೆ ಇರುತ್ತಿದ್ದ.

ಬೀದಿ ಮಾತ್ರ ಎಂದಿನಂತೆಯೇ ಇತ್ತು. ಕಾಫಿ ಅಂಗಡಿಯವ ಹೊರಗಿನ ಮೇಜುಗಳನ್ನು "ಬಿಸಿಲಿಗೆ" ಎಂದು ನೆಪ ಹೇಳಿ ಹತ್ತು ಗಜ ಈಚೆ ಹಾಕಿದ. ಜಿಮ್ಮಿನವರು ಭಾರ ಎತ್ತಿ ನೆಲಕ್ಕೆ ಬಿಡುತ್ತಲೇ ಇದ್ದರು. ಪ್ರತಿ ಸಲವೂ ರಸ್ತೆಯ ಈಚೆ ನಿಂತ ಮುಳುಗಜ್ಜನ ಅಂಗೈ ಜುಮ್ಮೆನ್ನುತ್ತಿತ್ತು. ಅವನು ಏಳನೇ ಬಾಗಿಲ ಗೋಡೆಯಲ್ಲಿ, ಕೆನೆಬಣ್ಣವನ್ನು ಸೀಳಿ ಮತ್ತೆ ಮೇಲೆದ್ದಿದ್ದ ಬಿರುಕಿಗೆ ಹೊಸದೊಂದು ಗಾಜು ಮೆತ್ತಿದ್ದ. ಅಳಿಯ ಊಟದ ವಿರಾಮದಲ್ಲಿ ಬಂದು, ಸಾಲಿನ ಮುಂದೆ ನಿಲ್ಲುವವರಿಗೆಲ್ಲ ಸೀಟಿ ಊದುತ್ತಿದ್ದ. ಜನ ಕಾರು ಬರುತ್ತಿದೆ ಎಂದು ತಿಳಿದು ಇನ್ನೂ ಗೋಡೆಯ ಹತ್ತಿರ ಸರಿಯುತ್ತಿದ್ದರು. ಅಜ್ಜ ಗಾರೆಯವನಿಗೆ, ಲಂಗರಿನ ಚಿತ್ರ ಮಾರುವವಳಿಗೆ, ಪುರಸಭೆಯ ಗುಮಾಸ್ತನಿಗೆ, ಸಿಕ್ಕಸಿಕ್ಕವರಿಗೆಲ್ಲ ಗುಂಡಿಯನ್ನು ತೋರಿಸಿ ಕಥೆ ಹೇಳಿದ. ಗುಮಾಸ್ತ ಗುಂಡಿಯನ್ನು ಆಚೀಚೆ ತಿರುಗಿಸಿ, "ಯಾರ ಶರ್ಟಿಂದು?" ಎಂದು ಕೇಳಿದ.

ಒಂದು ಭಾನುವಾರ ಬೆಳಿಗ್ಗೆ ಅಧ್ಯಕ್ಷರು ಏಣಿ, ಕೊರೆಯುವ ಯಂತ್ರ ಹಿಡಿದ ಕೆಲಸಗಾರ, ಕ್ಯಾಮೆರಾ ಹಿಡಿದ ಇಬ್ಬರು ನಿವಾಸಿಗಳ ಜೊತೆ ಬಂದು, ಏಳನೇ ಬಾಗಿಲ ಮುಂದೆ, ಗಾಜಿಗೆ ಎರಡೇ ಗೇಣು ದೂರದಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ಮುಳುಗಜ್ಜ ರಸ್ತೆಯ ಈಚೆ, ಲಾಂಡ್ರಿಯ ಬಾಗಿಲಿಂದ ತಂದಿಟ್ಟಿದ್ದ ಗುಲಾಬಿಯ ಡಬ್ಬಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದವನು ಎದ್ದು ನಿಂತ.

"ಸಾರ್, ಈ ಕಡೆ ಬನ್ನಿ."

"ಬರ್ತೀವಿ ಬರ್ತೀವಿ! ಅಜ್ಜಾ, ನೊರೆ ವಿಷಯ ಸಂಘ ಮರೆತಿದೆ. ದೊಡ್ಡ ಮನಸ್ಸು ಮಾಡಿದೀವಿ. ನಿಮ್ಮಂಥೋರು ಈ ಬಂದರಿನ ಆಸ್ತಿ. ಅದಕ್ಕೇ ನಿಮ್ಮ ಹೆಸರಲ್ಲಿ ಒಂದು ಫಲಕ, ಇಲ್ಲೇ, ನಿಮ್ಮ ಬಾಗಿಲ ಮೇಲೇ!" ಅವರು ಗೋಡೆಯನ್ನು ಅಂಗೈಯಿಂದ ಬಡಿದರು. "ಎಷ್ಟು ಗಟ್ಟಿ ನೋಡಿ!"

ಏಟು ರಸ್ತೆಯ ಈಚೆಗೂ ಕೇಳಿಸಿತು. ಬಡಿದ ಏಟಿಗೆ ಗೋಡೆ ಉತ್ತರ ಕೊಡಲಿಲ್ಲ. ಆಮೇಲೆ, ಬಹಳ ಸಣ್ಣಗೆ, ಗಾಜಿನ ಪಟ್ಟಿ ಟಿಕ್ ಎಂದಿತು.

ಆಗಲೇ ಏಣಿ ಹತ್ತಿದ್ದ ಕೆಲಸಗಾರ ಕೊರೆಯುವ ಯಂತ್ರವನ್ನು ಕೆಳಗಿಳಿಸಿ ಅಜ್ಜನ ಮುಖ ನೋಡಿದ. ಏಣಿಯಿಂದ ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ. ಅಧ್ಯಕ್ಷರಿಗೆ ಏನೂ ಕೇಳಿಸಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಕಾಗದ ಬಿಡಿಸಿ, ಕ್ಯಾಮೆರಾ ಕಡೆ ಮುಖ ಮಾಡಿ ಕೇಳಿದರು.

"ಫಲಕದಲ್ಲಿ ಜಾಗ ಕಡಿಮೆ ಅಜ್ಜಾ, ಎರಡು ಪದ, ಹೆಚ್ಚಂದ್ರೆ ಮೂರು. ನಿಮ್ಮ ಮೂವತ್ತೊಂದು ವರ್ಷದ ಅನುಭವ ಎಲ್ಲಾ ಅದರಲ್ಲೇ ಬಂದ್ಬಿಡ್ಬೇಕು. ಓದಿದೋರಿಗೆ ಸ್ವಲ್ಪ ಖುಷೀನೂ ಆಗ್ಬೇಕು. ಏನಂತ ಬರೆಸೋಣ?"

"'ಇಲ್ಲಿ ನಿಲ್ಲಬೇಡಿ' ಅಂತ ಬರೆಸಿ."